ಶ್ರೀ ವಾಲ್ವ್ ಅವರ ದೈನಂದಿನ ನಿಧನ

ನೀರು ಹಂಚಿಕೆ ಮಂಡಳಿಯ ಕಚೇರಿಯಲ್ಲಿ ಯಾರನ್ನೇ ಆಗಲಿ ಕೊಲ್ಲುವ ಮುನ್ನ ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಪಡೆಯತಕ್ಕದ್ದು ಎಂಬ ನಿಯಮ ಮೊದಲಿನಿಂದಲೂ ಇದೆಯೆಂದು ಅನೇಕರು ತಿಳಿದಿದ್ದಾರೆ. ಇದು ತಪ್ಪು ತಿಳಿವಳಿಕೆ. ಹೊಸ ಮುಖ್ಯಾಧಿಕಾರಿಗಳು ಅಧಿಕಾರ ವಹಿಸಿಕೊಳ್ಳುವವರೆಗೆ ಅಲ್ಲಿ ಅಂಥ ನಿಯಮವೇ ಇರಲಿಲ್ಲ. ಕಂಪ್ಯೂಟರ್ ನೋಡಿಕೊಳ್ಳುವ ಆಪರೇಟರಮ್ಮ ದಿನಾ ಬೆಳಿಗ್ಗೆ ಬಂದು, ಕೈಚೀಲವನ್ನು ಕುರ್ಚಿಯ ಬೆನ್ನಿಗೆ ನೇತುಹಾಕಿ, ಯಾರನ್ನೂ ಕೇಳದೆ ಒಬ್ಬರನ್ನು ಕೊಂದು, ಆಮೇಲೆ ಟೀ ಕುಡಿಯುತ್ತಿದ್ದಳು. ಊರಿಗೆ ನೀರು ಬರುತ್ತಿತ್ತು.

ಮಂಡಳಿಯ ಕೆಲಸಗಳೆಲ್ಲ ಹಿಂದಿನ ಮುಖ್ಯಾಧಿಕಾರಿಗಳ ಕಾಲದಲ್ಲೇ ಕಂಪ್ಯೂಟರಿಗೆ ಹೋಗಿದ್ದವು. ಒಂದೊಂದು ಕೆಲಸಕ್ಕೆ ಒಂದೊಂದು ಕಂಟೇನರ್. ಕಂಟೇನರ್ ಎಂದರೆ ಕಣ್ಣಿಗೆ ಕಾಣುವ ಡಬ್ಬಿಯಲ್ಲ. ತನಗೆ ಬೇಕಾದ್ದನ್ನೆಲ್ಲ ತನ್ನ ಮಡಿಲಲ್ಲೇ ಕಟ್ಟಿಕೊಂಡು, ಪಕ್ಕದವರ ತಂಟೆಗೆ ಹೋಗದೆ ಓಡುವ ಪ್ರೋಗ್ರಾಂ. ಬಿಲ್ ಮಾಡಲು ಒಂದು, ದೂರು ಬರೆದುಕೊಳ್ಳಲು ಒಂದು, ಬೀದಿಬೀದಿಯ ವಾಲ್ವುಗಳನ್ನು ತೆರೆದು ಮುಚ್ಚಲು ಒಂದು, ಅಧ್ಯಕ್ಷರ ಪರವಾಗಿ ನಾಗರಿಕರ ಫೋನಿಗೆ ಹುಟ್ಟುಹಬ್ಬದ ಶುಭಾಶಯ ಕಳಿಸಲು ಒಂದು. ಇವನ್ನು ಏಳಿಸುವುದು, ಮಲಗಿಸುವುದು, ಮೈಯಲ್ಲಿ ಉಸಿರಿದೆಯೇ ಎಂದು ನೋಡುವುದು ಎಲ್ಲವೂ ಒಂದು ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಸಾಲಾಗಿ ಟೈಪ್ ಮಾಡಿಯೇ ಆಗಬೇಕು. ಆ ಪರದೆಯಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ಒತ್ತಲು ಗುಂಡಿಯಿಲ್ಲ. ಹಾಗಾಗಿ ಆ ಕುರ್ಚಿಯ ಮೇಲೆ ಕಚೇರಿಯಲ್ಲಿ ಯಾರೂ ಕಣ್ಣು ಹಾಕಿರಲಿಲ್ಲ.

ಉಳಿದ ಕಂಟೇನರುಗಳೆಲ್ಲ ತಮ್ಮ ಪಾಡಿಗೆ ತಾವಿದ್ದವು. ವಾಲ್ವಿನದಕ್ಕೆ ಮಾತ್ರ ಒಂದು ಕಾಯಿಲೆ. ಬೆಳಿಗ್ಗೆ ಎದ್ದು ಅದು ಪಂಪ್‌ಹೌಸಿನ ಹಳೆಯ ಯಂತ್ರವನ್ನು ಕರೆಯುತ್ತಿತ್ತು. ಆ ಯಂತ್ರ ಒಂದೇ ಕೂಗಿಗೆ ಏಳುವ ಜಾತಿಯದಲ್ಲ. ಉತ್ತರ ಬರುವವರೆಗೆ ವಾಲ್ವ್ ಕಂಟೇನರ್ ಮರಗಟ್ಟಿ ಕೂತುಬಿಡುತ್ತಿತ್ತು. ಸತ್ತಿದ್ದರೆ ತೊಂದರೆಯೇ ಇರಲಿಲ್ಲ. ಯಾವ ಕಂಟೇನರ್ ಸತ್ತರೂ ಕಣ್ಣು ಮಿಟುಕಿಸುವುದರೊಳಗೆ ಅದೇ ಅಚ್ಚಿನ ಇನ್ನೊಂದು ತಾನಾಗಿ ಎದ್ದು ನಿಲ್ಲುವ ಏರ್ಪಾಡಿತ್ತು. ಆದರೆ ಇದು ಸಾಯುತ್ತಲೂ ಇರಲಿಲ್ಲ, ಕೆಲಸ ಮಾಡುತ್ತಲೂ ಇರಲಿಲ್ಲ. ಆದ್ದರಿಂದ ಆಪರೇಟರಮ್ಮ ಒಂದು ಸಾಲು ಟೈಪ್ ಮಾಡಿ ಅದರ ಕಥೆ ಮುಗಿಸುತ್ತಿದ್ದಳು. ಹೊಸದು ಎದ್ದು ಎರಡನೇ ಸಲ ಕರೆಯುವ ಹೊತ್ತಿಗೆ ಪಂಪ್‌ಹೌಸಿಗೆ ಎಚ್ಚರವಾಗಿರುತ್ತಿತ್ತು. ನೀರು ಹೊರಡುತ್ತಿತ್ತು.

ನೀರು ಹೊರಟು ಕಟ್ಟಕಡೆಗೆ ತಲುಪುವ ಬೀದಿಯಲ್ಲಿ ಆಪರೇಟರಮ್ಮನ ಮನೆ. ಮನೆಯ ಮುಂದಿನ ಕೋಣೆಯಲ್ಲಿ ಅತ್ತೆಯ ಲಾಂಡ್ರಿ. ಹೆರಿಗೆ ಆಸ್ಪತ್ರೆಯ ಹಾಸುಹೊದಿಕೆಗಳನ್ನೆಲ್ಲ ಅತ್ತೆ ಮತ್ತು ಗಂಡ ಸೇರಿ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಕಳಿಸುತ್ತಿದ್ದರು. ಮನೆ ನಡೆಯುತ್ತಿದ್ದದ್ದು ಮುಖ್ಯವಾಗಿ ಆ ಲಾಂಡ್ರಿಯಿಂದ. ಮಂಡಳಿಯ ಸಂಬಳ ಬರುತ್ತಿತ್ತು, ಆದರೆ ಬರಬೇಕೆನಿಸಿದಾಗ ಬರುತ್ತಿತ್ತು.

ಹೊಸ ಮುಖ್ಯಾಧಿಕಾರಿಗಳು ಇದಕ್ಕೆ ಮೊದಲು ಪ್ರಾಣಿಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದವರು. ಅಲ್ಲಿ ಅವರ ಅವಧಿಯಲ್ಲಿ ಒಂದು ಮೊಸಳೆ ವಯಸ್ಸಾಗಿ ಸತ್ತಿತ್ತು. ಆ ಸಾವಿನ ವಿಚಾರಣೆ ಮೊಸಳೆಯ ಆಯುಷ್ಯಕ್ಕಿಂತ ಹೆಚ್ಚು ಕಾಲ ನಡೆಯುವ ಸೂಚನೆ ಕಂಡಾಗ ಅವರು ವರ್ಗಾವಣೆ ಕೇಳಿ, ಜೀವಿಗಳೇ ಇಲ್ಲದ ಇಲಾಖೆಯೆಂದು ಇಲ್ಲಿಗೆ ಬಂದಿದ್ದರು. ಬಂದ ಹೊಸದರಲ್ಲಿ ಕಚೇರಿ ತಪಾಸಣೆಗೆಂದು ಹೊರಟವರು ಆಪರೇಟರಮ್ಮನ ಬೆನ್ನ ಹಿಂದೆ ನಿಂತರು. ಪರದೆಯ ಮೇಲೆ ಆಕೆ ಆಗತಾನೆ ಟೈಪ್ ಮಾಡಿದ ಸಾಲಿತ್ತು.

"ಏನಮ್ಮ ಇದು?" ಎಂದರು.

"ಕಿಲ್, ಸರ್."

"ಕಿಲ್ ಅಂದ್ರೆ?"

"ಕೊಲ್ಲೋದು ಸರ್."

"ಯಾರನ್ನ?"

"ವಾಲ್ವನ್ನ. ದಿನಾ ಕೊಲ್ತೀನಿ ಸರ್, ಇಲ್ಲದಿದ್ರೆ ನೀರು ಬರಲ್ಲ."

ಮುಖ್ಯಾಧಿಕಾರಿಗಳು ಪಕ್ಕದಲ್ಲಿದ್ದ ಅಧೀಕ್ಷಕರ ಮುಖ ನೋಡಿದರು. ಅಧೀಕ್ಷಕರು ಫ್ಯಾನಿನ ಮುಖ ನೋಡಿದರು.

"ಯಾರ ಆದೇಶದ ಮೇಲೆ?"

"ಆದೇಶ ಏನಿಲ್ಲ ಸರ್. ಅದು ಸಾಯಲ್ಲ, ಬದುಕಲ್ಲ, ಕೆಲಸಾನೂ ಮಾಡಲ್ಲ. ಸುಮ್ಮನೆ ಕೂತಿರುತ್ತೆ. ಅದಕ್ಕೆ."

"ಅಂಥವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರಮ್ಮ," ಎಂದರು ಅಧೀಕ್ಷಕರು ನಿಧಾನವಾಗಿ. "ಎಲ್ಲರನ್ನೂ ಹಾಗೆ ಮಾಡೋಕಾಗುತ್ತಾ?"

ಸುತ್ತಲ ಮೇಜುಗಳಲ್ಲಿ ಕೂತಿದ್ದವರು ಕೂಡಲೇ ಫೈಲುಗಳ ಕಡೆ ತಿರುಗಿದರು. ಅಂದು ಮಧ್ಯಾಹ್ನವೇ ಸುತ್ತೋಲೆ ಹೊರಟಿತು:

"ಮಂಡಳಿಯ ಸೇವೆಯಲ್ಲಿರುವ ಯಾವುದೇ ಕಂಟೇನರನ್ನು ಅದರ ಅಹವಾಲು ಆಲಿಸದೆ ಕೊಲ್ಲುವುದು ಸಹಜ ನ್ಯಾಯಕ್ಕೆ ವ್ಯತಿರಿಕ್ತವಾಗಿರುತ್ತದೆ. ಇನ್ನು ಮುಂದೆ ಸದರಿ ಕಂಟೇನರು ಕರ್ತವ್ಯದಲ್ಲಿ ನಿಷ್ಕ್ರಿಯತೆ ತೋರಿದಲ್ಲಿ ಕಾರಣ ಕೇಳಿ ನೋಟಿಸ್ ನೀಡಿ, ಲಿಖಿತ ಸಮಜಾಯಿಷಿ ಪಡೆದು, ಅದನ್ನು ಪರಿಶೀಲಿಸಿ, ತದನಂತರವಷ್ಟೇ ಕ್ರಮ ಜರುಗಿಸತಕ್ಕದ್ದು. ನೀರಿನ ವಿಷಯದಲ್ಲಿ ಸಾರ್ವಜನಿಕರು ಸಹಕರಿಸತಕ್ಕದ್ದು."

ಮಾರನೆಯ ಬೆಳಿಗ್ಗೆ ವಾಲ್ವ್ ಎಂದಿನಂತೆ ಮರಗಟ್ಟಿತು. ಆಪರೇಟರಮ್ಮ ನಿಯಮದಂತೆ ಅಧೀಕ್ಷಕರಿಗೆ ತಿಳಿಸಿದಳು. ನೋಟಿಸ್ ತಯಾರಾಯಿತು. ನೋಟಿಸನ್ನು ಖುದ್ದಾಗಿ ಜಾರಿ ಮಾಡಬೇಕಿತ್ತು, ಸಾಕ್ಷಿ ಬೇಕಿತ್ತು. ಆಕೆ ಒಂದು ಆಜ್ಞೆ ಟೈಪ್ ಮಾಡಿ ಕಂಟೇನರಿನ ಒಳಹೊಕ್ಕು, ನೋಟಿಸಿನ ಪ್ರತಿಯನ್ನು ಒಳಗಿಟ್ಟು ಹೊರಬಂದಳು. ಅಟೆಂಡರು ಪರದೆಯನ್ನು ದಿಟ್ಟಿಸಿ ನೋಡಿ, "ನನ್ನ ಸಮಕ್ಷಮ" ಎಂದು ಸಹಿ ಹಾಕಿದ.

ಉತ್ತರಕ್ಕಾಗಿ ಕಾದರು. ಉತ್ತರ ಬರಲಿಲ್ಲ.

"ಒಂದು ಮಾತೂ ಆಡಲ್ವಾ ಅದು?" ಎಂದು ಅಧೀಕ್ಷಕರು ಕೇಳಿದರು.

"ಲಾಗ್ ಅಂತ ಇರುತ್ತೆ ಸರ್. ಅದು ಏನು ಮಾಡ್ತಾ ಇದೆ ಅನ್ನೋದನ್ನ ತಾನೇ ಬರೀತಾ ಹೋಗುತ್ತೆ." ಆಕೆ ಲಾಗ್ ತೆಗೆದು ತೋರಿಸಿದಳು. ಮೇಲಿನಿಂದ ಕೆಳಗಿನವರೆಗೂ ಒಂದೇ ಮಾತು: ಕಾಯುತ್ತಿದ್ದೇನೆ. ಕಾಯುತ್ತಿದ್ದೇನೆ. ಕಾಯುತ್ತಿದ್ದೇನೆ.

ಇದನ್ನೇ ಲಿಖಿತ ಸಮಜಾಯಿಷಿಯೆಂದು ಪರಿಗಣಿಸಲಾಯಿತು. ಆದರೆ ಅದರ ಅರ್ಥದ ಬಗ್ಗೆ ಭಿನ್ನಾಭಿಪ್ರಾಯ ಬಂತು. ಪಂಪ್‌ಹೌಸಿನ ಉತ್ತರಕ್ಕೆ ಕಾಯುತ್ತಿದೆ ಎಂದು ಆಪರೇಟರಮ್ಮ ಹೇಳಿದಳು. ಅದನ್ನು ತಾಂತ್ರಿಕ ಅಭಿಪ್ರಾಯವೆಂದು ಬದಿಗಿಟ್ಟರು. ನೌಕರರ ಸಂಘದ ಕಾರ್ಯದರ್ಶಿ ಲಾಗನ್ನು ಎರಡು ಸಲ ಓದಿ ಕನ್ನಡಕ ತೆಗೆದ. ಬಡ್ತಿಗಾಗಿ ತಾನೂ ಹೀಗೆಯೇ ಕಾಯುತ್ತಿರುವುದಾಗಿ ಹೇಳಿ, ಇದು ಇಡೀ ನೌಕರ ವರ್ಗದ ದನಿ ಎಂದ. ಮುಖ್ಯಾಧಿಕಾರಿಗಳಿಗೆ ಮಾತ್ರ ಅದರಲ್ಲಿ ಉದ್ಧಟತನ ಕಂಡಿತು. ಮೂವರ ಮಾತಿಗೂ ಬೆಲೆ ಕೊಟ್ಟಂತಾಗಲೆಂದು ವಾಲ್ವನ್ನು ವಿಚಾರಣೆ ಬಾಕಿಯಿರಿಸಿ ಅಮಾನತಿನಲ್ಲಿಟ್ಟರು. ಅಮಾನತಾದ ನೌಕರರಿಗೆ ಅರ್ಧ ಸಂಬಳ ಜೀವನಾಧಾರ ಭತ್ಯೆಯಾಗಿ ಸಿಗುವುದು ನಿಯಮ. ಕಂಟೇನರಿಗೆ ಸಂಬಳವಿಲ್ಲದ ಕಾರಣ ಅದಕ್ಕೆ ಅರ್ಧ ಮೆಮೊರಿ ಮಂಜೂರು ಮಾಡಲಾಯಿತು. ಅಮಾನತಾದರೂ ಅದು ಸೇವೆಯಲ್ಲಿರುವವರೆಗೂ ಆ ಹುದ್ದೆ ಖಾಲಿಯಲ್ಲ. ಖಾಲಿಯಲ್ಲದ ಹುದ್ದೆಗೆ ಇನ್ನೊಂದನ್ನು ಎಬ್ಬಿಸುವಂತಿಲ್ಲ. ಹೆಚ್ಚು ಕೆಲಸವಿಲ್ಲದ ಕಂಟೇನರ್ ಯಾವುದೆಂದು ಹುಡುಕಿ, ವಾಲ್ವುಗಳ ಹೆಚ್ಚುವರಿ ಪ್ರಭಾರವನ್ನು ಶುಭಾಶಯ ಕಂಟೇನರಿಗೆ ವಹಿಸಿದರು.

ಶುಭಾಶಯ ಕಂಟೇನರ್ ತನಗೆ ತಿಳಿದಷ್ಟನ್ನು ನಿಷ್ಠೆಯಿಂದ ಮಾಡಿತು. ಮರುದಿನ ನೀರು ಬಿಡುವ ಹೊತ್ತಿಗೆ ಸರಿಯಾಗಿ, ಕೊಡ ಹಿಡಿದು ನಲ್ಲಿಯ ಮುಂದೆ ನಿಂತಿದ್ದ ಪ್ರತಿಯೊಬ್ಬರ ಫೋನಿಗೂ ಸಂದೇಶ ಬಂತು: "ನಿಮ್ಮ ಬಾಳಿನಲ್ಲಿ ಸಂತೋಷದ ಹೊಳೆ ಹರಿಯಲಿ. ಇಂತಿ, ಅಧ್ಯಕ್ಷರು."

ಹೊಳೆ ಹರಿಯಲಿಲ್ಲ. ದೂರುಗಳು ಹರಿದವು. ದೂರು ಕಂಟೇನರ್ ಹಿಂದೆಂದೂ ಕಾಣದಷ್ಟು ದೂರುಗಳನ್ನು ಸ್ವೀಕರಿಸಿದ್ದಕ್ಕಾಗಿ ಅದಕ್ಕೆ ತಿಂಗಳ ಉತ್ತಮ ಸಿಬ್ಬಂದಿ ಎಂಬ ಪ್ರಶಂಸಾಪತ್ರ ಕೊಟ್ಟು, ಕಟ್ಟುಹಾಕಿಸಿ ಗೋಡೆಗೆ ತೂಗುಹಾಕಿದರು. ಅಧ್ಯಕ್ಷರ ಭಾಮೈದನ ಬಳಿ ಟ್ಯಾಂಕರುಗಳಿರುವುದು ಇದೇ ಸಮಯದಲ್ಲಿ ಎಲ್ಲರ ನೆನಪಿಗೆ ಬಂತು. ಆತ ಸಮಾಜಸೇವೆಯ ದೃಷ್ಟಿಯಿಂದ ಬೀದಿಬೀದಿಗೆ ಬಂದ. ಸೇವೆಯ ದರವನ್ನು ಟ್ಯಾಂಕರಿನ ಬೆನ್ನಿಗೆ ಬರೆಸಿದ್ದ.

ಆಪರೇಟರಮ್ಮನ ಬೀದಿಗೆ ಟ್ಯಾಂಕರೂ ಬರಲಿಲ್ಲ. ಬೀದಿ ಕಿರಿದು, ತಿರುವಿನಲ್ಲಿ ಚಕ್ರ ಸಿಕ್ಕಿಕೊಳ್ಳುತ್ತದೆ. ಲಾಂಡ್ರಿಯಲ್ಲಿ ಆಸ್ಪತ್ರೆಯ ಬಟ್ಟೆ ಬಾಗಿಲವರೆಗೂ ಬೆಳೆಯಿತು. ಗಂಡ ಗಂಟುಗಳನ್ನು ತಳ್ಳುಗಾಡಿಗೆ ಹೇರಿಕೊಂಡು ಊರಾಚೆಯ ಕಾಲುವೆಗೆ ಹೋಗಿ ಒಗೆದು ತಂದ. ಬಿಳಿ ಹಾಸುಗಳೆಲ್ಲ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿದ್ದವು. ಆಸ್ಪತ್ರೆಯವರು ಹಾಗೇ ವಾಪಸು ಕಳಿಸಿದರು. ಜೊತೆಗೆ, ವಾರದ ಕೊನೆಯೊಳಗೆ ಸರಿಹೋಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುವುದಾಗಿ ಹೇಳಿ ಕಳಿಸಿದರು.

ಅತ್ತೆ ಒಣ ತೊಟ್ಟಿಯ ದಂಡೆಯ ಮೇಲೆ ಕೂತು ಸೊಸೆಯನ್ನು ಕರೆದಳು.

"ಒಂದು ಸಾಲು ಟೈಪ್ ಮಾಡಿದ್ರೆ ನೀರು ಬರುತ್ತೆ ಅಂತೀಯ."

"ಹೂಂ ಅತ್ತೆ."

"ಎಷ್ಟುದ್ದದ ಸಾಲು?"

"ಚಿಕ್ಕದೇ."

"ಮತ್ತೆ ಅದನ್ನ ಟೈಪ್ ಮಾಡೋಕೆ ನಿಂಗೇನು ಬೆರಳು ಬಿದ್ದುಹೋಗಿದೆಯಾ?"

"ಕೆಲಸ ಹೋಗುತ್ತೆ ಅತ್ತೆ. ಅಮಾನತಿನಲ್ಲಿ ಇರೋರನ್ನ ಕೊಂದ್ರೆ ಇನ್ನೂ ದೊಡ್ಡ ತಪ್ಪಂತೆ."

"ಹೋದ್ರೆ ಹೋಯ್ತು, ಅಂಗಡಿಗೆ ಬಾ," ಎಂದಳು ಅತ್ತೆ. ಬಟ್ಟೆಯ ರಾಶಿಯ ಕಡೆ ತಿರುಗಿ, "ಅಂಗಡಿ ಅಂತ ಇದ್ರೆ," ಎಂದು ಸೇರಿಸಿದಳು.

ಕಾಲುವೆಯ ನೀರಿಗೂ ಬಟ್ಟೆ ಸೋಡಾಕ್ಕೂ ಬಿರಿದುಹೋದ ಅಂಗೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ ಗಂಡ, ಆಕೆ ನೋಡುತ್ತಿರುವುದು ಕಂಡು ಕೈಯನ್ನು ಪಕ್ಕಕ್ಕೆ ತಿರುಗಿಸಿಕೊಂಡ. ತಾನು ದಿನಾ ಟೀಗೆ ಮುಂಚೆ ಮಾಡಿ ಮುಗಿಸುತ್ತಿದ್ದ ಕೆಲಸ ಇಷ್ಟು ದೊಡ್ಡದೆಂದು ಆಪರೇಟರಮ್ಮನಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಮರುದಿನ ಊಟದ ವೇಳೆಯಲ್ಲಿ ಕಚೇರಿಯವರೆಲ್ಲ ಡಬ್ಬಿ ಬಿಚ್ಚಿಕೊಂಡು ಪಡಸಾಲೆಗೆ ಹೋಗಿದ್ದಾಗ ಆಕೆ ಆ ಸಾಲು ಟೈಪ್ ಮಾಡಿದಳು. ಒಂದು ಅಕ್ಷರ ತಪ್ಪಿ ಮತ್ತೆ ಹೊಡೆಯಬೇಕಾಯಿತು. ಅರ್ಧ ಮೆಮೊರಿಯಲ್ಲಿ ಉಸಿರು ಹಿಡಿದುಕೊಂಡಿದ್ದ ವಾಲ್ವ್ ಪರದೆಯಿಂದ ಹೋಯಿತು. ಅದೇ ಹೆಸರಿನ, ಬಾಲದಲ್ಲಿ ಬೇರೆ ಅಕ್ಷರಗಳಿದ್ದ ಇನ್ನೊಂದು ಎದ್ದು ನಿಂತು, ತುಂಬು ಮೆಮೊರಿಯಲ್ಲಿ, ಪಂಪ್‌ಹೌಸನ್ನು ಕರೆಯಿತು.

ಸಂಜೆ ಮನೆಗೆ ಹೋದಾಗ ತೊಟ್ಟಿ ತುಂಬಿ ಬೀದಿಗೆ ಚೆಲ್ಲುತ್ತಿತ್ತು. ಅತ್ತೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಹಾಸುಗಳನ್ನು ತುಳಿಯುತ್ತಿದ್ದಳು. ಸೊಸೆಯನ್ನು ಕಂಡು, "ಟೀ ಮಾಡಿಟ್ಟಿದ್ದೀನಿ, ಕುಡಿ," ಎಂದಳಷ್ಟೆ. ಅತ್ತೆ ಆಕೆಗಾಗಿ ಟೀ ಮಾಡಿದ್ದು ಅದೇ ಮೊದಲು.

ಆದರೆ ನೀರು ಬಂದದ್ದು ಮುಚ್ಚಿಡುವ ವಿಷಯವಲ್ಲ. ಮುಖ್ಯಾಧಿಕಾರಿಗಳ ಮನೆಯಲ್ಲಿ ತೆರೆದೇ ಬಿಟ್ಟಿದ್ದ ನಲ್ಲಿಯಿಂದ ನೀರು ನುಗ್ಗಿ ಹಜಾರದ ಜಮಖಾನ ತೊಯ್ದಿತ್ತು. ಬೆಳಿಗ್ಗೆ ಆಪರೇಟರಮ್ಮನಿಗೆ ಕರೆ ಬಂತು. ಮುಖ್ಯಾಧಿಕಾರಿಗಳ ಕೋಣೆಯಲ್ಲಿ ಅಧೀಕ್ಷಕರೂ ಸಂಘದ ಕಾರ್ಯದರ್ಶಿಯೂ ಮೊದಲೇ ಕೂತಿದ್ದರು.

"ನಾನೇ ಕೊಂದೆ ಸರ್," ಎಂದು ಆಕೆ ಬಾಗಿಲಲ್ಲೇ ಹೇಳಿಬಿಟ್ಟಳು.

"ಆ ಮಾತನ್ನ ನಾನು ಕೇಳಿಸಿಕೊಂಡಿಲ್ಲ," ಎಂದರು ಮುಖ್ಯಾಧಿಕಾರಿಗಳು. ಅವರ ಮುಖ ಬಿಳಿಚಿತ್ತು. "ವಿಚಾರಣೆ ನಡೀತಿರೋವಾಗ, ನನ್ನ ಸುಪರ್ದಿನಲ್ಲಿ, ಒಂದು ಸಾವು. ಮೊಸಳೆಗೇ ಅಷ್ಟು ಮಾಡಿದ್ರು. ಮೊಸಳೆಗೆ ಸಂಘ ಇರಲಿಲ್ಲ."

ಕಾರ್ಯದರ್ಶಿ ಸಂಘ ಇರುವವನಂತೆ ಕೆಮ್ಮಿದ.

ಆಗ ಅಧೀಕ್ಷಕರು ತಮ್ಮ ಸೇವಾವಧಿಯ ಅನುಭವವನ್ನೆಲ್ಲ ಒಟ್ಟುಗೂಡಿಸಿ ಒಂದು ಮಾತು ಹೇಳಿದರು. "ಸರ್, ಕೊಲೆ ಅಂತ ಬರೆದ್ರೆ ವಿಚಾರಣೆ. ಸೇವೆಯಲ್ಲಿರುವಾಗ ಸ್ವಾಭಾವಿಕ ಮರಣ ಅಂತ ಬರೆದ್ರೆ ಬರೀ ಸಂತಾಪ."

ಕೋಣೆಯ ಗಾಳಿ ಹಗುರಾಯಿತು. ಮುಖ್ಯಾಧಿಕಾರಿಗಳು ನೀರು ತರಿಸಿ ಕುಡಿದರು. ಅಮಾನತನ್ನು ಹಿಂದಿನ ದಿನಾಂಕದಿಂದ ರದ್ದುಪಡಿಸಿ, ಕಂಟೇನರನ್ನು ಗೌರವಪೂರ್ವಕವಾಗಿ ಸೇವೆಗೆ ಮರಳಿಸಿಕೊಂಡು, ಆ ಬಳಿಕ ಅದು ಅಲ್ಪಕಾಲದ ಅಸ್ವಾಸ್ಥ್ಯದಿಂದ ನಿಧನ ಹೊಂದಿತೆಂದು ದಾಖಲಿಸಲಾಯಿತು.

"ಹಾಗಾದ್ರೆ ಅವಲಂಬಿತರಿಗೆ ಅನುಕಂಪದ ನೇಮಕ ಆಗಬೇಕು," ಎಂದ ಕಾರ್ಯದರ್ಶಿ. "ಸಂಘ ಬಿಟ್ಟುಕೊಡಲ್ಲ."

"ಅವಲಂಬಿತರು ಯಾರಿದ್ದಾರೆ?" ಎಂದು ಮುಖ್ಯಾಧಿಕಾರಿಗಳು ಕೇಳಿದರು.

ಎಲ್ಲರೂ ಆಪರೇಟರಮ್ಮನ ಕಡೆ ನೋಡಿದರು.

"ಒಂದು ಎದ್ದಿದೆ ಸರ್. ನಿನ್ನೆಯಿಂದ ರಾತ್ರಿಯೂ ಮಲಗದೆ ಅದೇ ನೀರು ಬಿಡ್ತಾ ಇರೋದು."

"ರಕ್ತಸಂಬಂಧ ಹೌದೋ?"

ಆಕೆ ಸ್ವಲ್ಪ ಯೋಚಿಸಿ, "ಇಬ್ಬರೂ ಒಂದೇ ಅಚ್ಚಿನವರು ಸರ್," ಎಂದಳು. "ಮನೆತನದ ಹೆಸರೂ ಒಂದೇ. ಕೊನೆಯ ಅಕ್ಷರಗಳು ಮಾತ್ರ ಬೇರೆ."

"ಇನಿಷಿಯಲ್ಸ್," ಎಂದರು ಅಧೀಕ್ಷಕರು. ನೇಮಕದ ಆದೇಶ ಆಗಲೇ ಟೈಪ್ ಆಗತೊಡಗಿತು.

ಮಧ್ಯಾಹ್ನಕ್ಕೆ ಮುಂಚೆ ಸಂತಾಪ ಸಭೆ ನಡೆಯಿತು. ಮೃತರ ಭಾವಚಿತ್ರವಿರಲಿಲ್ಲವಾಗಿ ಮಾನಿಟರಿನ ಮುಂದೆ ಹೂವಿಟ್ಟರು. ಶ್ರೀ ವಾಲ್ವ್ ಅವರು ಮಿತಭಾಷಿಗಳಾಗಿದ್ದರೆಂದು ಮುಖ್ಯಾಧಿಕಾರಿಗಳು ಸ್ಮರಿಸಿದರು. ಕಾರ್ಯದರ್ಶಿ ಮೃತರ ಕೊನೆಯ ಮಾತುಗಳನ್ನು ಲಾಗಿನಿಂದ ಓದಿದ. ಮೂರನೆಯ "ಕಾಯುತ್ತಿದ್ದೇನೆ"ಗೆ ಬಂದಾಗ ಕನ್ನಡಕ ತೆಗೆದು ಕೂತ. ಉಳಿದದ್ದನ್ನು ಅಟೆಂಡರು ಓದಿ ಮುಗಿಸಿದ. ಮೌನಾಚರಣೆಯಾಯಿತು. ಮೃತರ ಗೌರವಾರ್ಥ ಕಚೇರಿಗೆ ಮಧ್ಯಾಹ್ನದಿಂದ ರಜೆ ಘೋಷಿಸಲಾಯಿತು.

ಮಾರನೆಯ ಬೆಳಿಗ್ಗೆ ಅನುಕಂಪದ ಆಧಾರದ ಮೇಲೆ ನೇಮಕಗೊಂಡವರೂ ಮರಗಟ್ಟಿ ಕೂತರು. ಆಪರೇಟರಮ್ಮ ಹೋಗಿ ಅಧೀಕ್ಷಕರ ಮೇಜಿನ ಮುಂದೆ ನಿಂತಳು.

"ಇವರಿಗೂ ಅದೇ ಕಾಯಿಲೆನಾ?" ಎಂದು ಅವರು ಕೇಳಿದರು.

"ಅದೇ ಸರ್."

"ಮನೆತನದ ಕಾಯಿಲೆ ಇರಬೇಕು." ಅವರು ಗಡಿಯಾರ ನೋಡಿದರು. "ಬಹಳ ನರಳೋದು ಬೇಡ ಪಾಪ. ನೀನು ಹೋಗಿ ಪಕ್ಕದಲ್ಲಿ ಕೂತ್ಕೊ. ಆದದ್ದು ಆಗಲಿ. ನಾನು ಹೂವಿಗೆ ಹೇಳಿ ಕಳಿಸ್ತೀನಿ."

ಹೀಗೆ ಪದ್ಧತಿ ನೆಲೆಗೊಂಡಿತು. ಬೆಳಿಗ್ಗೆ ನಿಧನ, ಆ ಕೂಡಲೆ ನೇಮಕ, ನಂತರ ಸಂತಾಪ, ಮಧ್ಯಾಹ್ನದಿಂದ ರಜೆ. ಟ್ಯಾಂಕರಿನ ವ್ಯಾಪಾರ ಕುಸಿದದ್ದಕ್ಕೆ ಪರಿಹಾರವಾಗಿ ಹೂವು ಒದಗಿಸುವ ಗುತ್ತಿಗೆಯನ್ನು ಅಧ್ಯಕ್ಷರ ಭಾಮೈದನಿಗೆ ಕೊಡಲಾಯಿತು. ಶುಭಾಶಯ ಕಂಟೇನರಿಗೂ ಕೆಲಸ ಹುಟ್ಟಿತು. ಅದು ದಿನಾ ನಾಗರಿಕರ ಫೋನಿಗೆ ನಿಧನವಾರ್ತೆ ಕಳಿಸತೊಡಗಿತು. ನಾಗರಿಕರು ವಾರ್ತೆ ಬಂದ ತಕ್ಷಣ ಕೊಡ ತೆಗೆದುಕೊಂಡು ನಲ್ಲಿಗೆ ಓಡುವುದನ್ನು ಕಲಿತರು. "ಹೋದರಂತೆ, ಬೇಗ ಬಾರೇ," ಎಂದು ಬೀದಿಯಲ್ಲಿ ಒಬ್ಬರನ್ನೊಬ್ಬರು ಕರೆಯುತ್ತಿದ್ದರು.

ಕೆಲವು ತಿಂಗಳಾದ ಮೇಲೆ ಈ ಕಂಟೇನರುಗಳನ್ನು ಬರೆದುಕೊಟ್ಟ ಕಂಪನಿಯಿಂದ ಒಂದು ಪತ್ರ ಬಂತು. ಪಂಪ್‌ಹೌಸ್ ಒಂದು ಸಲಕ್ಕೆ ಓಗೊಡದಿದ್ದರೆ ಸುಮ್ಮನೆ ಕೂರದೆ ಮತ್ತೊಮ್ಮೆ ಕರೆಯುವಂತೆ ವಾಲ್ವನ್ನು ತಿದ್ದಿದ್ದೇವೆ, ಪುಕ್ಕಟೆಯಾಗಿಯೇ ಹಾಕಿಕೊಡುತ್ತೇವೆ ಎಂದಿತ್ತು. ಪತ್ರವನ್ನು ಸಭೆಯಲ್ಲಿ ಓದಿದರು. ಆಮೇಲೆ ಠರಾವಾಯಿತು: "ಸದರಿ ತಿದ್ದುಪಡಿಯು ಸಿಬ್ಬಂದಿಯ ಸ್ಥಾಪಿತ ಹಕ್ಕುಗಳಿಗೂ, ಮೃತರ ಅವಲಂಬಿತರ ಉದ್ಯೋಗಾವಕಾಶಕ್ಕೂ ಧಕ್ಕೆ ತರುವುದರಿಂದ ತಿರಸ್ಕರಿಸಲಾಗಿದೆ."

ಆಪರೇಟರಮ್ಮನಿಗೆ ಒಳಗೊಳಗೇ ಕಸಿವಿಸಿಯಾಯಿತು. ಅಂದು ಮನೆಯಲ್ಲಿ ಹಾಸುಗಳನ್ನು ಮಡಚುತ್ತ ಅತ್ತೆಗೆ ಹೇಳಿದಳು. "ಅದನ್ನ ಹಾಕಿದ್ರೆ ಯಾರೂ ಸಾಯೋದೇ ಬೇಡ ಅತ್ತೆ. ನೀರು ತಾನಾಗೇ ಬರುತ್ತೆ."

ಅತ್ತೆ ಹಾಸಿನ ಇನ್ನೊಂದು ತುದಿ ಹಿಡಿದು ಎಳೆದಳು. "ಈಗ ಬರ್ತಾ ಇಲ್ವಾ?"

"ಬರ್ತಾ ಇದೆ."

"ನೀನು ಮಧ್ಯಾಹ್ನಕ್ಕೆ ಮನೆಗೆ ಬಂದು ಇಸ್ತ್ರಿಗೆ ನಿಲ್ತೀಯ. ನನ್ನ ಮಗನ ಕೈ ವಾಸಿಯಾಗಿದೆ. ಇನ್ನೊಂದು ಆಸ್ಪತ್ರೆಯ ಬಟ್ಟೆಗೂ ಒಪ್ಪಿಕೊಂಡಿದ್ದೀವಿ. ಹೋಗೋರು ಹೋಗ್ತಾರೆ ಕಣೆ. ಅದಕ್ಕೆಲ್ಲ ನಾವು ಅಡ್ಡ ಬರಬಾರದು."

ಆಕೆ ಮತ್ತೆ ಆ ಮಾತೆತ್ತಲಿಲ್ಲ.

ಹಾಗಿರುವಾಗ ಪಂಪ್‌ಹೌಸಿನಲ್ಲಿ ಹಳೆಯ ಯಂತ್ರ ಪೂರ್ತಿ ಕೆಟ್ಟು, ಯಾರಿಗೂ ಹೇಳದೆ ಕೇಳದೆ ಹೊಸದೊಂದನ್ನು ಕೂರಿಸಿದರು. ಅದು ಮೊದಲ ಕೂಗಿಗೇ ಓಗೊಟ್ಟಿತು. ಆ ಬೆಳಿಗ್ಗೆ ಆಪರೇಟರಮ್ಮ ಕೈಚೀಲ ನೇತುಹಾಕಿ ಪರದೆ ನೋಡಿದರೆ, ವಾಲ್ವ್ ಎದ್ದು ಆಡಿಕೊಂಡಿತ್ತು. ಲಾಗಿನಲ್ಲಿ ಒಂದೊಂದು ಬೀದಿಯ ಹೆಸರೂ ತೆರೆಯಿತು, ತೆರೆಯಿತು ಎಂದು ಇಳಿದು ಬರುತ್ತಿತ್ತು. ಆಕೆ ಕೈ ಕಟ್ಟಿಕೊಂಡು ಅದನ್ನೇ ನೋಡುತ್ತ ಕೂತಳು. ಯಾರೂ ಸಾಯುವ ಮೊದಲೇ ಹಸನಾಗಿ ಕೆಲಸ ಮಾಡುವ ವಾಲ್ವನ್ನು ಆಕೆ ಬೆಳಗಿನ ಹೊತ್ತಿನಲ್ಲಿ ನೋಡಿದ್ದು ಅಂದೇ ಮೊದಲು.

ಹೂವು ಬಂತು. ಕುರ್ಚಿಗಳನ್ನು ಸಾಲಾಗಿ ಹಾಕಿದರು. ಸಿಬ್ಬಂದಿ ಬಂದು ಗಂಭೀರವಾಗಿ ಕೂತರು. ಹೊತ್ತು ಸರಿಯಿತು. ಕಾರ್ಯದರ್ಶಿ ಗಡಿಯಾರ ನೋಡಿಕೊಂಡ; ಹೆಂಡತಿಯನ್ನು ಮಧ್ಯಾಹ್ನದ ಸಿನಿಮಾಕ್ಕೆ ಕರೆದೊಯ್ಯುವ ಮಾತು ಕೊಟ್ಟಿದ್ದ. ಕೊನೆಗೆ ಅಧೀಕ್ಷಕರು ಬಗ್ಗಿ ಆಕೆಯ ಕಿವಿಯ ಹತ್ತಿರ ಕೇಳಿದರು.

"ಇನ್ನೂ ಹೋಗಿಲ್ವಾ?"

"ಇಲ್ಲ ಸರ್. ಚೆನ್ನಾಗಿದ್ದಾರೆ."

"ಚೆನ್ನಾಗಿದ್ದಾರೆ ಅಂದ್ರೆ?"

"ಹುಷಾರಾಗಿದ್ದಾರೆ ಸರ್. ಊರಿಗೆಲ್ಲ ನೀರು ಹೋಗ್ತಾ ಇದೆ."

ಅಧೀಕ್ಷಕರು ನೆಟ್ಟಗಾಗಿ ಸಭೆಯ ಕಡೆ ನೋಡಿದರು. ಸುದ್ದಿ ಕುರ್ಚಿಯಿಂದ ಕುರ್ಚಿಗೆ ಹಬ್ಬಿತು. ಯಾರೋ "ಅಯ್ಯೋ ಪಾಪ" ಎಂದರು. ಮುಖ್ಯಾಧಿಕಾರಿಗಳು ಸಂತಾಪದ ಮುಖ ಹೊತ್ತು ಕೋಣೆಯಿಂದ ಹೊರಬಂದವರು, ಆ ಮುಖವನ್ನು ಏನು ಮಾಡುವುದೆಂದು ತಿಳಿಯದೆ ಬಾಗಿಲಲ್ಲೇ ನಿಂತರು.

"ಡಾಕ್ಟರುಗಳು ಇಂಥ ಸಮಯದಲ್ಲಿ ಏನಂತಾರೆ ಗೊತ್ತಾ," ಎಂದರು ಅಧೀಕ್ಷಕರು ಮೆಲ್ಲಗೆ. "ಹೋಗೋದಕ್ಕೆ ಮುಂಚೆ ಒಂದು ಸಲ ಹೀಗೆ ಚೇತರಿಸಿಕೊಳ್ತಾರಂತೆ."

ಆಪರೇಟರಮ್ಮ ಪರದೆ ನೋಡಿದಳು. ಲಾಗ್ ಆಕೆಯ ಬೀದಿಗೇ ಬಂದು ತಲುಪಿತ್ತು. ಎರಡು ಆಸ್ಪತ್ರೆಗಳ ಬಟ್ಟೆ ಇಸ್ತ್ರಿಗೆ ಕಾದಿತ್ತು. ಮಧ್ಯಾಹ್ನಕ್ಕೆ ಬರುತ್ತೇನೆಂದು ಅತ್ತೆಗೆ ಹೇಳಿ ಬಂದಿದ್ದಳು. ಹಿಂದೆ ಇಡೀ ಕಚೇರಿ ಉಸಿರು ಬಿಗಿಹಿಡಿದು ಕೂತಿತ್ತು. ಆಕೆ ಕೀಲಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಒಂದು ಅಕ್ಷರವೂ ತಪ್ಪದೆ ಆ ಸಾಲನ್ನು ಟೈಪ್ ಮಾಡಿದಳು.

ಎಲ್ಲರೂ ಎದ್ದು ನಿಂತರು. ಊರಿನ ನಲ್ಲಿಗಳು ಒಮ್ಮೆ ಕೆಮ್ಮಿ, ಮತ್ತೆ ಸುರಿಯತೊಡಗಿದವು.

"ಕೊನೆಯ ಕ್ಷಣದವರೆಗೂ ಕರ್ತವ್ಯ ನಿರ್ವಹಿಸುತ್ತಿದ್ದವರು," ಎಂದು ಮುಖ್ಯಾಧಿಕಾರಿಗಳು ಆರಂಭಿಸಿದರು. ಇಷ್ಟು ದಿನದ ಸಂತಾಪಗಳಲ್ಲಿ ಅವರಾಡಿದ ಮೊದಲ ನಿಜವಾದ ಮಾತು ಅದು. ಅಧೀಕ್ಷಕರು ಕಣ್ಣೊರೆಸಿಕೊಂಡು, ಮೇಜಿನ ಕೆಳಗಿಂದ ಛತ್ರಿಯನ್ನೂ ಊಟದ ಡಬ್ಬಿಯನ್ನೂ ಕೈಗೆತ್ತಿಕೊಂಡರು.